ಬೋರ್ಡು ಯಾರ ಸಲುವಾಗಿ?

ಭಾಲ್ಕಿ ಸೀಮೆಯಲ್ಲಿ ಬೆಳೆದವರಿಗೆ ಕೇಳಿ ಕೇಳಿ ಬಾಯಿಪಾಠವಾದ ಒಂದು ಮಾತಿದೆ: ಹೊರಗೆ ಉರ್ದು ಬೋರ್ಡು, ಒಳಗೆ ಕನ್ನಡ ಪಾಠ. ನಿಜಾಮರ ಆಳ್ವಿಕೆಯಲ್ಲಿ ಉರ್ದುವೇ ಆಡಳಿತದ ಮತ್ತು ಶಿಕ್ಷಣದ ಭಾಷೆಯಾಗಿದ್ದಾಗ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಮಕ್ಕಳಿಗೆ ಕನ್ನಡ ಕಲಿಸಿದ ಬಗೆ ಇದು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದೊಳಗೆ ಬಂತು. 1956ರ ನವೆಂಬರ್ 1ರಂದು ಬೀದರ್ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅಷ್ಟರ ತನಕ ಇಲ್ಲಿ ಕನ್ನಡದ ಓದು ಬರಹ ಉಳಿದುಕೊಂಡಿದ್ದರಲ್ಲಿ ಆ ಬೋರ್ಡಿನ ಪಾಲೂ ಇದೆ. ಈ ಕಥೆಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಅದರೊಳಗೆ ಒಂದು ನೈತಿಕ ಪ್ರಶ್ನೆಯೂ ಕೂತಿದೆ ಎಂಬುದು ನನಗೆ ಕಂಡದ್ದು ಒಂದು ಮೊಬೈಲ್ ಆಪ್‌ನ ಫಾರ್ಮ್ ತುಂಬುವ ಹೊತ್ತಿನಲ್ಲಿ.

ನನ್ನ ಸಂಶೋಧನೆ ಬೀದರ್ ಸೀಮೆಯ ಮಾತಿನ ಕನ್ನಡದ ಮೇಲೆ. 'ಏನು' ಎಂಬುದಕ್ಕೆ 'ಯಾನ್' ಎನ್ನುವ, ಮರಾಠಿ, ದಖ್ಖನಿ, ತೆಲುಗುಗಳ ಜೊತೆ ದಿನಾ ಕೊಡುಕೊಳ್ಳುವ ಕನ್ನಡ ಇದು. ಔರಾದ್ ಕಡೆಯ ಹಳ್ಳಿಗಳಲ್ಲಿ ಕೂಡಿಸಿದ ಪದಗಳು ಪ್ರಬಂಧದ ಕಪಾಟಿನಲ್ಲಿ ಕೂರುವ ಬದಲು ಜನರ ಫೋನಿನಲ್ಲಿ ಇರಲಿ ಎಂದು, ಭಾಲ್ಕಿಯ ಗೆಳೆಯನೊಬ್ಬನ ಜೊತೆ ಸೇರಿ ಒಂದು ಚಿಕ್ಕ ಆಪ್ ಮಾಡುತ್ತಿದ್ದೇನೆ. ಪದ ಒತ್ತಿದರೆ ಆಡಿದವರ ದನಿಯಲ್ಲೇ ಕೇಳಬೇಕು. ಕೇಳಿದವರು ತಮ್ಮ ಊರಿನ ಪದವನ್ನು ತಮ್ಮ ದನಿಯಲ್ಲಿ ಸೇರಿಸಲೂಬೇಕು. ಈ ಎರಡನೆಯದು ಇಲ್ಲದಿದ್ದರೆ ಅದು ಇನ್ನೊಂದು ನಿಘಂಟು, ಅಷ್ಟೆ.

ಕೋಡ್ ಬರೆದರೆ ಅರ್ಧ ಕೆಲಸ. ಉಳಿದರ್ಧ, ಆಪ್ ಅಂಗಡಿಯ ಪರಿಶೀಲನೆಗೆ ಅದನ್ನು ಸಿದ್ಧಪಡಿಸುವುದು. ಗೂಗಲ್ ಪ್ಲೇಯಲ್ಲಿ 2023ರ ನವೆಂಬರ್ 13ರ ನಂತರ ವೈಯಕ್ತಿಕ ಖಾತೆ ತೆರೆದವರು ಮೊದಲು ಕನಿಷ್ಠ 12 ಜನ ಪರೀಕ್ಷಕರನ್ನು ಸತತ 14 ದಿನ ತಮ್ಮ ಆಪ್‌ನ ಪರೀಕ್ಷೆಯಲ್ಲಿ ಉಳಿಸಿಕೊಳ್ಳಬೇಕು. ಮೊದಲು ಈ ಸಂಖ್ಯೆ 20 ಇತ್ತು. ಖಾಸಗಿತನದ ನೀತಿಯನ್ನು ಯಾರು ಬೇಕಾದರೂ ತೆರೆಯಬಹುದಾದ ಒಂದು ವೆಬ್ ಪುಟದಲ್ಲಿ ಇಡಬೇಕು, ಪಿಡಿಎಫ್ ನಡೆಯುವುದಿಲ್ಲ. ಬಳಕೆದಾರರು ತಾವೇ ಏನನ್ನಾದರೂ ಸೇರಿಸುವ ಆಪ್ ಆದರೆ ಕೆಟ್ಟದ್ದನ್ನು ವರದಿ ಮಾಡುವ, ಕಿರುಕುಳ ಕೊಡುವವರನ್ನು ತಡೆಯುವ ದಾರಿ ಇರಬೇಕು. ಖಾತೆ ಮಾಡಿಸಿಕೊಂಡರೆ ಅಳಿಸುವ ಗುಂಡಿಯನ್ನೂ ಕೊಡಬೇಕು. ಆಪಲ್ ಇದನ್ನು 2022ರ ಜೂನ್ 30ರಿಂದ ಕಡ್ಡಾಯ ಮಾಡಿತು. ಇವೆಲ್ಲದರ ನಡುವೆ 'ಡೇಟಾ ಸುರಕ್ಷತೆ' ಎಂಬ ಫಾರ್ಮ್ ಇದೆ. ಯಾವ ಮಾಹಿತಿ ತೆಗೆದುಕೊಳ್ಳುತ್ತೀರಿ, ಯಾಕೆ, ಯಾರಿಗೆ ಕೊಡುತ್ತೀರಿ, ಅಳಿಸಲು ಬರುತ್ತದೆಯೇ? ಉತ್ತರಿಸುವವರು ನಾವೇ, ಉತ್ತರ ಸರಿ ಎನ್ನುವ ಹೊಣೆಯೂ ನಮ್ಮದೇ.

ಜನರ ದನಿ ತೆಗೆದುಕೊಳ್ಳುತ್ತೀರಾ ಎಂಬ ಸಾಲಿಗೆ ಬಂದಾಗ ಗೆಳೆಯ ಅರ್ಧ ನಗುತ್ತ ಹೇಳಿದ: "ಅಲ್ಲೋ, ಹೌದಂತ ಬರದ್ರ ನೂರಾ ಎಂಟು ಪ್ರಶ್ನಿ ಕೇಳ್ತಾರ. ಸದ್ಯಕ್ಕ ಇಲ್ಲಂತ ಹಾಕು. ಪಾಸಾದ ಮ್ಯಾಲ ರೆಕಾರ್ಡಿಂಗ್ ಚಾಲೂ ಮಾಡೋಣು. ನಮ್ಮ ಪಟ್ಟದ್ದೇವರು ಬೋರ್ಡು ಹಾಕಿದ್ದಿಲ್ಲೇನು?"

ತಾಂತ್ರಿಕವಾಗಿ ಅದು ಕಷ್ಟದ್ದೇನಲ್ಲ. ಸರ್ವರ್‌ನಲ್ಲಿ ಒಂದು ಸ್ವಿಚ್ ಇಟ್ಟರೆ ಸಾಕು. ಪರಿಶೀಲಕರು ನೋಡುವಾಗ ಮೈಕಿನ ಗುರುತು ಇರುವುದಿಲ್ಲ, ಔರಾದಿನಲ್ಲಿ ತೆರೆದಾಗ ಇರುತ್ತದೆ. ಆದರೆ ಅವನ ಮಾತಿನ ಕೊನೆಯ ಸಾಲನ್ನು ನಗೆಯಲ್ಲಿ ತೇಲಿಸಿಬಿಡಲು ನನಗೆ ಆಗಲಿಲ್ಲ. ಪಟ್ಟದ್ದೇವರ ಬೋರ್ಡು ಸರಿ ಎನ್ನುವ ನಾನು ನಮ್ಮ ಬೋರ್ಡು ತಪ್ಪು ಎನ್ನಬೇಕಾದರೆ ಕಾರಣ ಕೊಡಬೇಕು.

ತತ್ತ್ವಶಾಸ್ತ್ರದಲ್ಲಿ ಇದಕ್ಕೊಂದು ಹಳೆಯ ಜಗಳವಿದೆ. ಕೊಲೆಗಾರನೊಬ್ಬ ಬಾಗಿಲಿಗೆ ಬಂದು, ನಿಮ್ಮ ಮನೆಯಲ್ಲಿ ಅಡಗಿರುವ ಗೆಳೆಯ ಎಲ್ಲಿ ಎಂದು ಕೇಳುತ್ತಾನೆ. ಸುಳ್ಳು ಹೇಳಬಹುದೇ? ಸತ್ಯದ ಮೇಲೆ ಹಕ್ಕಿರುವವರಿಗೆ ಮಾತ್ರ ಸತ್ಯ ಹೇಳುವ ಕರ್ತವ್ಯ ನಮಗಿದೆ ಎಂದು ಫ್ರಾನ್ಸಿನ ಬೆಂಜಮಿನ್ ಕಾನ್‌ಸ್ಟಂಟ್ ವಾದಿಸಿದ. 1797ರಲ್ಲಿ ಅದಕ್ಕೆ ಉತ್ತರ ಬರೆದ ಇಮ್ಯಾನುಯೆಲ್ ಕಾಂಟ್, ಆಗಲೂ ಸುಳ್ಳು ಸಲ್ಲದು ಎಂದ. ಕಾಂಟ್ ಹೇಳಿದ್ದನ್ನು ಒಪ್ಪಿದರೆ ಭಾಲ್ಕಿಯ ಬೋರ್ಡನ್ನೇ ಇಳಿಸಬೇಕಾಗುತ್ತದೆ. ನಮ್ಮ ಜಿಲ್ಲೆಯಲ್ಲಿ ಅದಕ್ಕೆ ಒಪ್ಪುವವರು ಸಿಗುವುದು ಕಷ್ಟ, ನಾನೂ ಒಪ್ಪುವುದಿಲ್ಲ. ಕಾನ್‌ಸ್ಟಂಟ್‌ನ ಮಾತು ಹತ್ತಿರ ಬರುತ್ತದೆ. ಆದರೆ ಅದನ್ನು ಹಿಡಿದು ಗೆಳೆಯ ಮುಂದಕ್ಕೆ ಹೋಗಬಲ್ಲ: ದೂರದ ಕಂಪನಿಗೆ ನಮ್ಮಿಂದ ಸತ್ಯ ಕೇಳುವ ಹಕ್ಕು ಎಲ್ಲಿಂದ ಬಂತು? ನಮ್ಮ ನುಡಿ ನಮ್ಮ ಜನರಿಗೆ ಮುಟ್ಟಲು ಅವರ ಅಪ್ಪಣೆ ಯಾಕೆ ಬೇಕು?

ಈ ಪ್ರಶ್ನೆ ಪೊಳ್ಳಲ್ಲ. ಅಂಗಡಿಯ ಬಾಗಿಲು ಕಾಯುವವರ ಅಧಿಕಾರ ನಿಜಕ್ಕೂ ದೊಡ್ಡದು. 2022ರ ಅಕ್ಟೋಬರಿನಲ್ಲಿ ಭಾರತದ ಸ್ಪರ್ಧಾ ಆಯೋಗವು ಪ್ಲೇ ಸ್ಟೋರ್ ನೀತಿಗಳಲ್ಲಿ ತನ್ನ ಸ್ಥಾನವನ್ನು ದುರ್ಬಳಕೆ ಮಾಡಿಕೊಂಡದ್ದಕ್ಕೆ ಗೂಗಲ್‌ಗೆ 936 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಮೇಲ್ಮನವಿಯಲ್ಲಿ ಆ ಮೊತ್ತ ಇಳಿಯಿತು. ಕಾವಲುಗಾರ ನ್ಯಾಯವಂತನೇ ಆಗಿರುತ್ತಾನೆ ಎಂದು ನಾನು ವಾದಿಸುವುದಿಲ್ಲ. ನಾನು ಕೇಳುವುದು ಬೇರೆ: ಬೋರ್ಡನ್ನು ಓದಿ ಮೋಸ ಹೋಗುವವರು ಯಾರು?

ಭಾಲ್ಕಿಯ ಬೋರ್ಡು ಕಣ್ಣು ಕಟ್ಟಿದ್ದು ಬಾಗಿಲು ಮುಚ್ಚಿಸಬಲ್ಲವರಿಗೆ. ಒಳಗೆ ಕಾಲಿಡುವ ಮಗುವಿಗೆ, ಮಗುವನ್ನು ಕಳಿಸಿದ ತಾಯಿಗೆ ಒಳಗೇನಿದೆ ಎಂಬುದು ಗೊತ್ತಿತ್ತು. ಗೊತ್ತಿದ್ದೇ ಕಳಿಸಿದರು. ಸಿಕ್ಕಿಬಿದ್ದರೆ ಅಪಾಯ ಮೊದಲು ಬರುವುದು ಬೋರ್ಡು ಹಾಕಿದವರ ತಲೆಯ ಮೇಲೆ. ನಮ್ಮ ಫಾರ್ಮಿನದು ಇದಕ್ಕೆ ಪೂರಾ ತಿರುಗುಮುರುಗು. ಆ ಫಾರ್ಮಿನಲ್ಲಿ ಬರೆದದ್ದು ಪರಿಶೀಲಕರ ಬಳಿಯೇ ಉಳಿಯುವುದಿಲ್ಲ. ಆಪ್‌ನ ಪುಟದಲ್ಲಿ, ಇಳಿಸಿಕೊಳ್ಳುವ ಪ್ರತಿಯೊಬ್ಬರ ಕಣ್ಣಮುಂದೆ ನಿಲ್ಲುತ್ತದೆ. 'ದನಿ ತೆಗೆದುಕೊಳ್ಳುವುದಿಲ್ಲ' ಎಂದು ಬರೆದರೆ ಮೋಸ ಹೋಗುವವರು ದನಿ ಕೊಡುವವರೇ. ಅಪಾಯವೂ ಅವರದೇ.

ಜಗತ್ತು ಈ ಬಗೆಯ ಬೋರ್ಡುಗಳನ್ನು ನೋಡಿದೆ. 2015ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿಯ ಡೀಸೆಲ್ ಕಾರುಗಳ ಸಾಫ್ಟ್‌ವೇರ್ ಬಯಲಿಗೆ ಬಂತು. ತನ್ನನ್ನು ಪರೀಕ್ಷೆಗೆ ಹಚ್ಚಿದ್ದಾರೆ ಎಂಬುದನ್ನು ಅದು ಗುರುತಿಸುತ್ತಿತ್ತು. ಆಗ ಹೊಗೆ ಕಡಿಮೆ, ರಸ್ತೆಗಿಳಿದರೆ ಹೆಚ್ಚು. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರುಗಳಲ್ಲಿ ಅದಿತ್ತು. ಪರೀಕ್ಷಕರಿಗೆ ಟೋಪಿ ಬಿತ್ತು, ವಿಷಗಾಳಿ ಕುಡಿದವರು ದಾರಿಹೋಕರು. ಆಪ್‌ಗಳ ಲೋಕದ ಲೆಕ್ಕವೂ ಇದೆ. 2023ರ ಫೆಬ್ರುವರಿಯಲ್ಲಿ ಮೊಜಿಲ್ಲಾ ಸಂಸ್ಥೆ ಪ್ಲೇ ಸ್ಟೋರಿನ 40 ಜನಪ್ರಿಯ ಆಪ್‌ಗಳನ್ನು ತೆಗೆದುಕೊಂಡು, ಅವುಗಳ ಡೇಟಾ ಸುರಕ್ಷತೆ ಪಟ್ಟಿಯನ್ನೂ ಅವುಗಳದ್ದೇ ಖಾಸಗಿತನದ ನೀತಿಯನ್ನೂ ಪಕ್ಕಪಕ್ಕ ಇಟ್ಟು ನೋಡಿತು. ಸುಮಾರು ನೂರಕ್ಕೆ 80ರಷ್ಟರಲ್ಲಿ ಎರಡಕ್ಕೂ ತಾಳೆಯಾಗಲಿಲ್ಲ.

ನಿಯಮಗಳೆಲ್ಲ ಬರೀ ಕಾಗದದ ಕಾಟವಲ್ಲ ಎಂಬುದಕ್ಕೆ ಸಾಲದ ಆಪ್‌ಗಳೇ ಸಾಕ್ಷಿ. ಸಾಲ ಕೊಡುವ ನೆಪದಲ್ಲಿ ಫೋನಿನಲ್ಲಿದ್ದ ನಂಬರುಗಳನ್ನೂ ಫೋಟೋಗಳನ್ನೂ ಎತ್ತಿಕೊಂಡು, ಕಂತು ತಪ್ಪಿದವರ ನೆಂಟರಿಷ್ಟರಿಗೆ ಫೋನ್ ಮಾಡಿ ಮಾನ ಕಳೆದ ಪ್ರಕರಣಗಳು ದೇಶದ ಹಲವೆಡೆ ನಡೆದವು. 2023ರ ಮೇ 31ರಿಂದ ಸಾಲದ ಆಪ್‌ಗಳು ಸಂಪರ್ಕ ಪಟ್ಟಿ, ಫೋಟೋ ಮುಟ್ಟಬಾರದು ಎಂದು ಗೂಗಲ್ ನಿಯಮ ಮಾಡಿತು. ಆ ಒಂದು ಸಾಲಿನ ಹಿಂದೆ ಎಷ್ಟೋ ಮನೆಗಳ ಅಳು ಇದೆ.

ಅಲ್ಲಿಗೆ ನಾವು 'ಹೌದು, ದನಿ ತೆಗೆದುಕೊಳ್ಳುತ್ತೇವೆ' ಎಂದು ಗುರುತು ಹಾಕಿದೆವು. ಗೆಳೆಯ ತಕರಾರು ಮಾಡಲಿಲ್ಲ. "ಹಂಗಾದ್ರ ವರದಿ ಮಾಡೋ ಗುಂಡಿ, ಅಳಿಸೋ ಗುಂಡಿ ಎಲ್ಲಾ ಮಾಡ್ಬೇಕಾಯ್ತು, ಇನ್ನೊಂದು ತಿಂಗಳ ಕೆಲಸ" ಎಂದಷ್ಟೇ ಹೇಳಿದ. ಆದರೆ ನಿಜವಾದ ಬೋರ್ಡು ಹಾಕಿದ ಮೇಲೂ ಒಂದು ಪ್ರಶ್ನೆ ಉಳಿಯಿತು. ನಿಜ ಬರೆದರೆ ಸಾಕೇ, ಓದಲು ಬಾರದವರಿಗೆ?

2023ರ ಆಗಸ್ಟಿನಲ್ಲಿ ಅಂಕಿತ ಬಿದ್ದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಂದು ಒಳ್ಳೆಯ ಮಾತು ಹೇಳುತ್ತದೆ. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಾಗಲಿ, ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಓದುವ ಆಯ್ಕೆ ಜನರಿಗಿರಬೇಕು. ಆ ಪಟ್ಟಿಯಲ್ಲಿ 22 ಭಾಷೆಗಳಿವೆ. ಕನ್ನಡ, ಮರಾಠಿ, ಉರ್ದು, ತೆಲುಗು ಎಲ್ಲವೂ ಇವೆ. ಔರಾದ್ ತಾಂಡಾಗಳ ಲಂಬಾಣಿ ಇಲ್ಲ. ಅಕ್ಷರ ಕಲಿಯದವರ ಸಲುವಾಗಿ ಅಂಗಡಿಯ ಫಾರ್ಮಿನಲ್ಲೂ ಒಂದು ಖಾನೆ ಇಲ್ಲ.

ಔರಾದ್ ಹತ್ತಿರದ ಹಳ್ಳಿಯೊಂದರಲ್ಲಿ ಬೀಸುವ ಪದ ಹಾಡಿದ ಆಯಿಯೊಬ್ಬರಿಗೆ, ಅವರ ದನಿ ಫೋನಿನಲ್ಲಿ ಊರೂರು ತಿರುಗುತ್ತದೆ ಎಂದು ನಾನು ವಿವರಿಸಿದ್ದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ನಾಳಿಗಿ ನನಗ ಬ್ಯಾಡ ಅನಿಸಿದ್ರ ಯಾನ್ ಮಾಡ್ತಿ ತಮ್ಮಾ?" ಓದು ಬರಹ ಇಲ್ಲದ ಅವರು ಎರಡು ಕಂಪನಿಗಳ ನಿಯಮವನ್ನು ಅವರಿಗಿಂತ ನೇರವಾಗಿ ಕೇಳಿದ್ದರು. ಅಳಿಸುವ ಗುಂಡಿ ಖಾತೆ ಇದ್ದವರಿಗಾಯಿತು. ಆಯಿಗೆ ಖಾತೆ ಇಲ್ಲ, ಸ್ಮಾರ್ಟ್‌ಫೋನೂ ಇಲ್ಲ. ನಿಯಮದ ಪ್ರಕಾರ ಆಯಿ ನಮ್ಮ ಬಳಕೆದಾರರೇ ಅಲ್ಲ. ಆದರೆ ಆ ದನಿ ಆಯಿಯದು. ಪರಿಶೀಲಕರ ಪಟ್ಟಿಯಲ್ಲಿ ಆಯಿಯಂಥವರಿಗೆ ಜಾಗ ಇಲ್ಲ ಎಂದ ಮಾತ್ರಕ್ಕೆ ನಮ್ಮ ಹೊಣೆ ಮುಗಿಯುತ್ತದೆಯೇ? ಮುಗಿಯುತ್ತದೆ ಎಂದರೆ, ನಾವು ಈ ಫಾರ್ಮನ್ನು ತುಂಬುತ್ತಿರುವುದು ಪಾಸಾಗುವುದಕ್ಕೆ ಮಾತ್ರ ಎಂದಾಯಿತು.

ಹನ್ನೆರಡು ಪರೀಕ್ಷಕರ ವಿಷಯದಲ್ಲೂ ಇದೇ ಮಾತು. ಹಣ ಕೊಟ್ಟರೆ ಹನ್ನೆರಡು ಜನರನ್ನು ಒದಗಿಸುವವರು ಇದ್ದಾರೆ. 'ನಿನ್ನ ಆಪ್ ನಾನು ತೆರೆಯುವೆ, ನನ್ನದನ್ನು ನೀನು ತೆರೆ' ಎನ್ನುವ ಗುಂಪುಗಳೂ ಇವೆ. ಹದಿನಾಲ್ಕು ದಿನ ಆರಾಮಾಗಿ ದಾಟುತ್ತದೆ. ಆದರೆ ಆಪ್ ಬಿಡುಗಡೆಯಾಗುವ ಮೊದಲು ಅದನ್ನು ಯಾರಾದರೂ ನಿಜವಾಗಿ ಬಳಸಿ ನೋಡಲಿ ಎಂಬುದೇ ಆ ನಿಯಮದ ಜೀವ. ನಮ್ಮ ಹನ್ನೆರಡು ಜನರಲ್ಲಿ ಬೀದರಿನ ಇಬ್ಬರು ಶಿಕ್ಷಕರು, ಭಾಲ್ಕಿಯ ಒಬ್ಬ ಫೋನ್ ರಿಪೇರಿಯವನು, ಆಯಿಯ ಮೊಮ್ಮಗಳು ಇದ್ದಾರೆ. ಎರಡನೆಯ ದಿನವೇ ಮೊಮ್ಮಗಳು ಫೋನ್ ಮಾಡಿ, ಅಳಿಸುವ ಗುಂಡಿ ಎಲ್ಲಿದೆ ಎಂದು ಹುಡುಕಿದರೂ ಸಿಗಲಿಲ್ಲ ಎಂದಳು. ಗೆಳೆಯ ಅದನ್ನು ಮೊದಲ ಪರದೆಗೆ ತಂದ.

ಈಗ ನಮ್ಮ ಆಪ್‌ನಲ್ಲಿ ಖಾಸಗಿತನದ ನೀತಿ ಕನ್ನಡದಲ್ಲಿದೆ. ಅದರ ಮೇಲೆ ಒಂದು ಗುಂಡಿ ಇದೆ. ಒತ್ತಿದರೆ ಅದೇ ಮಾತನ್ನು ತಾಂಡಾದ ಹೆಣ್ಣುಮಗಳೊಬ್ಬಳು ಲಂಬಾಣಿಯಲ್ಲಿ ಹೇಳುತ್ತಾಳೆ. ಅದರ ಜೊತೆಗೆ, ಹಾಡಿದವರ ಒಬ್ಬೊಬ್ಬರ ಹೆಸರಿನ ಮುಂದೆ ಅವರ ಮನೆಯವರ ಫೋನ್ ನಂಬರ್ ಬರೆದಿಟ್ಟ ಒಂದು ಕಾಗದದ ವಹಿ ನನ್ನ ಬಳಿ ಇದೆ. ಪ್ರತಿ ಆರು ತಿಂಗಳಿಗೊಮ್ಮೆ ಕರೆ ಮಾಡಿ, ದನಿ ಇರಲೋ ಬೇಡವೋ ಎಂದು ಕೇಳಬೇಕೆಂದು ನಾವಿಬ್ಬರೂ ಮಾತಾಡಿಕೊಂಡಿದ್ದೇವೆ. ಈ ವಹಿಯನ್ನು ಯಾವ ಪರಿಶೀಲಕರೂ ಕೇಳುವುದಿಲ್ಲ. ಪರೀಕ್ಷೆಯ ಒಂಬತ್ತನೆಯ ದಿನ ನಡೆದಿದೆ, ಐದು ದಿನ ಬಾಕಿ. ಅಪ್ಪಣೆ ಸಿಗುತ್ತದೋ ಇಲ್ಲವೋ ಹೇಳಲಾರೆ. ಆಯಿ ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಬರೆದಿಟ್ಟಿದ್ದೇವೆ.