ದಾರಿ ತೋರುವವನ ಧರ್ಮ

ಅಂತರ್ಜಾಲದಲ್ಲಿ ನಾವು ಹೆಸರನ್ನು ಬರೆಯುತ್ತೇವೆ. ಯಂತ್ರಗಳಿಗೆ ಬೇಕಾದುದು ಅಂಕಿಗಳ ವಿಳಾಸ. ಹೆಸರಿಗೆ ವಿಳಾಸವನ್ನು ತಿಳಿಸಿಕೊಡುವ ವ್ಯವಸ್ಥೆಯೇ ಡಿಎನ್‌ಎಸ್. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬವರು ಇದನ್ನು ರೂಪಿಸಿದರು. ಸಾಮಾನ್ಯವಾಗಿ ಮನೆಗೆ ಸಂಪರ್ಕ ಒದಗಿಸುವ ಕಂಪನಿಯೇ ಈ ಸೇವೆಯನ್ನೂ ನಡೆಸುತ್ತದೆ.

ದಾರಿ ಕೇಳಿದವನು ಎಲ್ಲಿಗೆ ಹೊರಟನೆಂಬುದು ಹೇಳುವವನಿಗೆ ತಿಳಿಯದಿರದು. ನಾವು ಯಾವ ಆಸ್ಪತ್ರೆಯ, ಯಾವ ಬ್ಯಾಂಕಿನ ತಾಣವನ್ನು ಯಾವ ಹೊತ್ತಿನಲ್ಲಿ ಅರಸಿದೆವೆಂಬುದನ್ನು ಅವನು ಬಲ್ಲನು. ಆದುದರಿಂದ ಅವನಿಗೆ ಎರಡು ಕರ್ತವ್ಯಗಳುಂಟು: ಸುಳ್ಳು ದಾರಿ ತೋರಬಾರದು, ತಿಳಿದುದನ್ನು ಮಾರಿಕೊಳ್ಳಬಾರದು.

ಮೊದಲನೆಯದಕ್ಕೆ ಭಂಗ ಬಂದುದುಂಟು. 2003ರ ಸೆಪ್ಟೆಂಬರಿನಲ್ಲಿ ಅಮೆರಿಕದ ವೆರಿಸೈನ್ ಸಂಸ್ಥೆಯು, 'ಕಾಮ್' ಮತ್ತು 'ನೆಟ್' ಎಂದು ಮುಗಿಯುವ ಹೆಸರುಗಳಲ್ಲಿ ಇಲ್ಲದುದನ್ನು ಕೇಳಿದವರಿಗೆ 'ಇಲ್ಲ' ಎನ್ನದೆ ತನ್ನದೇ ಪುಟವನ್ನು ತೋರಿಸತೊಡಗಿತು. ತೀವ್ರ ವಿರೋಧದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. 'ಇಲ್ಲ' ಎಂಬ ಉತ್ತರವೂ ಸತ್ಯವೇ; ಅದನ್ನು ಮರೆಮಾಚಿ ಲಾಭ ಪಡೆಯುವುದು ವಂಚನೆ.

ಇಂದು ನಮಗೆ ಬೇರೆ ಆಯ್ಕೆಗಳಿವೆ. 2009ರಲ್ಲಿ ಗೂಗಲ್ 8.8.8.8 ಅನ್ನೂ, 2017ರಲ್ಲಿ ಕ್ವಾಡ್9 ಸಂಸ್ಥೆಯು 9.9.9.9 ಅನ್ನೂ, 2018ರಲ್ಲಿ ಕ್ಲೌಡ್‌ಫ್ಲೇರ್ 1.1.1.1 ಅನ್ನೂ ಸಾರ್ವಜನಿಕರಿಗೆ ತೆರೆದವು. ಆದರೆ ಇದರಿಂದ ವಿಶ್ವಾಸದ ಅಗತ್ಯವು ಅಳಿಯುವುದಿಲ್ಲ. ವಿಶ್ವಾಸಕ್ಕೆ ಪಾತ್ರನಾದವನು ಬದಲಾಗುತ್ತಾನೆ, ಅಷ್ಟೇ. ಪ್ರಶ್ನೆಯನ್ನು ಗೂಢಲಿಪಿಯಲ್ಲಿ ಕಳುಹಿಸದಿದ್ದರೆ ಹಳೆಯ ಕಂಪನಿಯೂ ಅದನ್ನು ನಡುದಾರಿಯಲ್ಲಿ ಓದಬಲ್ಲದು. ಗೂಢಲಿಪಿಯಲ್ಲಿ ಕಳುಹಿಸಿದರೂ ನಾವು ತಲುಪುವ ಅಂಕಿಯ ವಿಳಾಸವು ಅದಕ್ಕೆ ಕಾಣುತ್ತದೆ. ಹೀಗಿರುವಾಗ ಯಾರು ದಾಖಲೆಯನ್ನು ಎಷ್ಟು ಕಾಲ ಇಡುವರು, ಯಾವುದರಿಂದ ಆದಾಯ ಪಡೆಯುವರು ಎಂಬುದನ್ನು ವಿಚಾರಿಸಿ ಆರಿಸುವುದೇ ವಿವೇಕ.

ಇನ್ನೊಂದು ಪ್ರಶ್ನೆ ಮನೆಯೊಳಗಿನದು. ಮನೆಯ ರೂಟರಿನಲ್ಲಿ ಈ ಅಂಕಿಯನ್ನು ಬದಲಿಸಿದರೆ, ಅದನ್ನು ಅನುಸರಿಸುವ ಎಲ್ಲರ ಉಪಕರಣಗಳ ದಾರಿಯೂ ಬದಲಾಗುತ್ತದೆ. ಕೆಲವು ಸೇವೆಗಳು ಅಪಾಯಕರ ಇಲ್ಲವೆ ಅಶ್ಲೀಲ ತಾಣಗಳ ಹೆಸರಿಗೆ ಉತ್ತರವನ್ನೇ ಕೊಡುವುದಿಲ್ಲ. ಎಳೆಯ ಮಕ್ಕಳ ರಕ್ಷಣೆಗೆ ಇದು ಯುಕ್ತವೇ. ಆದರೆ ಪ್ರಾಯಕ್ಕೆ ಬಂದವರಿಗೆ ತಿಳಿಸದೆ ಹೀಗೆ ಮಾಡುವ ಗೃಹಸ್ಥನು, ತಾನು ದೂರಿದ ಕಂಪನಿಯ ಸ್ಥಾನದಲ್ಲಿಯೇ ತಾನು ನಿಂತಂತಾಗುತ್ತದೆ. ದಾರಿ ತೋರುವವರಿಂದ ನಾವು ಬಯಸುವ ಪ್ರಾಮಾಣಿಕತೆಯು, ನಾವು ಇತರರಿಗೆ ದಾರಿಯನ್ನು ನಿಶ್ಚಯಿಸುವಾಗಲೂ ನಮ್ಮಲ್ಲಿರಬೇಕಾದುದು ನ್ಯಾಯ.