ಮೊಳೆಯದ ಬೀಜಕ್ಕೆ ಜೀವವಿದೆಯೇ?

ನರೇಗಲ್ಲಿನ ಎರೆ ಹೊಲದಲ್ಲಿ ಕಡಲೆ ಯಾರನ್ನೂ ಹೆಚ್ಚು ಕಾಯಿಸುವುದಿಲ್ಲ. ಹಿಂಗಾರಿ ಹಸಿ ಸಿಕ್ಕರೆ ಕೆಲವೇ ದಿನಗಳಲ್ಲಿ ಸಾಲು ಕಾಣಿಸುತ್ತದೆ. ಅದೇ ಹೊಲದ ಬದುವಿನಿಂದ ಕರಿಜಾಲಿ ಬೀಜ ತಂದು ಮನೆಯ ಕುಂಡದಲ್ಲಿ ಹಾಕಿ, ದಿನಾ ನೀರು ಹನಿಸಿದರೂ ಎಷ್ಟೋ ಬೀಜ ತಿಂಗಳುಗಟ್ಟಲೆ ಕಲ್ಲಿನಂತೆ ಬಿದ್ದಿರುತ್ತವೆ. ಕೊನೆಗೆ ಬೀಜ ಸತ್ತಿದೆ ಎಂದು ಯಾರೋ ಮಣ್ಣು ಸುರಿದುಬಿಡುತ್ತಾರೆ.

ಸತ್ತಿದೆ ಎಂದು ಹೇಳುವುದು ಹೇಗೆ?

ಈ ಪ್ರಶ್ನೆಯನ್ನು ಜೈನರಷ್ಟು ಗಂಭೀರವಾಗಿ ಕೇಳಿಕೊಂಡವರು ಕಡಿಮೆ. ನರೇಗಲ್ಲಿಗೆ ಅವರ ಧರ್ಮ ಹೊಸದಲ್ಲ. ಗಂಗ ಅರಸ ಇಮ್ಮಡಿ ಬೂತುಗನ ರಾಣಿ ಪದ್ಮಬ್ಬರಸಿ ಕ್ರಿ.ಶ. 950ರ ಹೊತ್ತಿಗೆ ಇಲ್ಲಿ ಬಸದಿ ಕಟ್ಟಿಸಿದ್ದಳು. ಶ್ವೇತಾಂಬರ ಪರಂಪರೆಯ ಭಗವತೀಸೂತ್ರದಲ್ಲಿ ಶಿಷ್ಯ ಗೌತಮ ಮಹಾವೀರನನ್ನು ಕೇಳುತ್ತಾನೆ: ಕಣಜದಲ್ಲಿ ಮುಚ್ಚಿ, ಮೆತ್ತಿ ಇಟ್ಟ ಕಾಳಿಗೆ ಮೊಳೆಯುವ ಶಕ್ತಿ ಎಷ್ಟು ಕಾಲ ಇರುತ್ತದೆ? ಭತ್ತ, ಗೋಧಿಗೆ ಹೆಚ್ಚೆಂದರೆ 3 ವರ್ಷ, ಹೆಸರು, ಉದ್ದಿನಂಥ ಕಾಳಿಗೆ 5, ಅಗಸೆ, ಕುಸುಬೆಗೆ 7 ಎಂಬುದು ಉತ್ತರ. ಮೋಕ್ಷದ ಮಾತಿನ ನಡುವೆ ಕಾಳಿನ ಲೆಕ್ಕ ಬಂದದ್ದು ಆಕಸ್ಮಿಕವಲ್ಲ. ಹಿಂಸೆ ಮಾಡಬಾರದೆಂದು ಹೊರಟವನಿಗೆ ಅಂಗೈ ಮೇಲಿನ ಕಾಳು ಸಜೀವವೋ ನಿರ್ಜೀವವೋ ಎಂಬುದು ಗೊತ್ತಿರಲೇಬೇಕು. ಸುಮ್ಮನೆ ಬಿದ್ದಿರುವುದನ್ನೂ ಜೀವಿ ಎಂದು ಗೌರವಿಸಿದ ಈ ನೋಟ ದೊಡ್ಡದು.

ಜಾಲಿ, ಕಕ್ಕೆ, ಗುಲಗಂಜಿಗಳ ಮೊಂಡುತನ ಇರುವುದು ಸಿಪ್ಪೆಯಲ್ಲಿ. ಅದು ನೀರನ್ನು ಒಳಗೆ ಬಿಡುವುದಿಲ್ಲ. ಜಾಲಿಕಾಯಿ ತಿಂದ ಆಡು, ಕುರಿ ಬೀಜವನ್ನು ಮೆಲುಕು ಹಾಕುವಾಗ ಉಗುಳುತ್ತವೆ, ಇಲ್ಲವೇ ಹಿಕ್ಕೆಯಲ್ಲಿ ಹಾಕುತ್ತವೆ. ಹೊಟ್ಟೆಯ ರಸಕ್ಕೆ ಸಿಕ್ಕು ಸಡಿಲಾದ ಆ ಬೀಜ ಬೇಗ ಮೊಳೆಯುತ್ತದೆ. ಮನೆಯಲ್ಲಾದರೆ ಉಪ್ಪುಕಾಗದದಿಂದ ಬೀಜದ ಒಂದು ಬದಿಯನ್ನು, ಕಣ್ಣಿರುವ ತುದಿ ಬಿಟ್ಟು, ಒಳಗಿನ ಬಿಳುಪು ಕಾಣುವಷ್ಟು ಉಜ್ಜಿ ರಾತ್ರಿ ನೆನೆಹಾಕಿದರೆ ಸಾಕು.

ಉಜ್ಜಿದ ಕೈ ಮೊಳಕೆಯನ್ನು ಕೊಟ್ಟಿತೇ? ಪತಂಜಲಿಯ ಯೋಗಸೂತ್ರದ ಕೈವಲ್ಯಪಾದ ಇಲ್ಲವೆನ್ನುತ್ತದೆ. ಅಲ್ಲಿನ 3ನೇ ಸೂತ್ರದ ಉದಾಹರಣೆ ರೈತನದೇ. ವ್ಯಾಸಭಾಷ್ಯ ಅದನ್ನು ಬಿಡಿಸಿ ಹೇಳುತ್ತದೆ: ರೈತ ಒಂದು ಮಡಿಯಿಂದ ಇನ್ನೊಂದಕ್ಕೆ ನೀರನ್ನು ಕೈಯಿಂದ ನೂಕುವುದಿಲ್ಲ, ನಡುವಿನ ಒಡ್ಡು ಒಡೆಯುತ್ತಾನೆ, ನೀರು ತಾನೇ ಹರಿಯುತ್ತದೆ. ಧರ್ಮಾಚರಣೆಯ ಕೆಲಸವೂ ಅಷ್ಟೇ, ಅಡ್ಡಿ ತೆಗೆಯುವುದು. ಸಾಧನೆಯನ್ನು ಸಂಪಾದನೆ ಎಂದುಕೊಂಡವರಿಗೆ ಇದು ನುಂಗಲಾರದ ಮಾತು, ಆದರೆ ಉಜ್ಜಿದ ಬೀಜ ಇದನ್ನು ಎದುರಿಗೇ ತೋರಿಸುತ್ತದೆ. ಅದೇ ಭಾಷ್ಯ ಹುರಿದ ಬೀಜದ ಮಾತನ್ನೂ ಆಡುತ್ತದೆ. ಜ್ಞಾನದಿಂದ ಸುಟ್ಟ ಕ್ಲೇಶ, ಅಂದರೆ ಮನಸ್ಸನ್ನು ಕಾಡುವ ದೋಷ, ಮತ್ತೆ ಮೊಳೆಯದು. ಒಡ್ಡು ಒಡೆದರೂ ಅಲ್ಲಿ ಹರಿಯಲು ಏನೂ ಉಳಿದಿರುವುದಿಲ್ಲ.

ಎಲ್ಲ ಬೀಜವೂ ಕಾಯುವುದಿಲ್ಲ. ಬೇವಿನ ಬೀಜವನ್ನು ಹಣ್ಣು ಉದುರಿದ ಕೆಲವೇ ವಾರಗಳಲ್ಲಿ ಬಿತ್ತಬೇಕು, ತಡವಾದರೆ ಅದರ ಶಕ್ತಿ ಹೋಗುತ್ತದೆ. ಇತ್ತ ಇಸ್ರೇಲಿನ ಮಸಾದಾ ಕೋಟೆಯ ಅಗೆತದಲ್ಲಿ ಸಿಕ್ಕ ಖರ್ಜೂರದ ಬೀಜವೊಂದು ಸುಮಾರು 2000 ವರ್ಷಗಳ ನಂತರ, 2005ರಲ್ಲಿ ಮೊಳೆಯಿತು. ಹಾಗಾಗಿ ಕುಂಡದ ಮಣ್ಣು ಸುರಿಯುವ ಮುನ್ನ ಜಾಲಿ ಬೀಜವನ್ನು ಹೊರತೆಗೆದು ನೋಡುವುದು ಒಳ್ಳೆಯದು. ನೀರಲ್ಲಿದ್ದೂ ಉಬ್ಬದೆ ಗಟ್ಟಿಯಾಗಿಯೇ ಇದ್ದರೆ ಅದು ಇನ್ನೂ ನೀರನ್ನೇ ಕುಡಿದಿಲ್ಲ, ಉಜ್ಜಿ ನೆನೆಹಾಕಬೇಕು. ಉಬ್ಬಿ, ಮೆತ್ತಗಾಗಿ, ಕೊಳೆತು ನಾರುತ್ತಿದ್ದರೆ ಮಾತ್ರ ಎಸೆಯಬಹುದು.