ತಾಯಿಯ ನೋವು ತ್ಯಾಗವೇ?

ಮಕ್ಕಳಿಗಾಗಿ ತಾಯಿಯಾದವಳು ನೋವನ್ನು ಸಹಿಸುವುದು ಸಹಜವೆಂದೂ, ಸಹಿಸಿದಷ್ಟೂ ಅವಳ ತಾಯ್ತನ ಹಿರಿದಾಗುವುದೆಂದೂ ಸಮಾಜವು ಬಹುಕಾಲದಿಂದ ನಂಬಿಕೊಂಡು ಬಂದಿದೆ. ಈ ನಂಬಿಕೆಯಲ್ಲಿ ಸತ್ಯದ ಅಂಶವಿಲ್ಲದಿಲ್ಲ. ಆದರೆ ಸಹಿಸಿದ ನೋವೆಲ್ಲವೂ ತ್ಯಾಗವಾಗುವುದೇ? ಯಾವ ನೋವು ಯಾರಿಗೆ ಹಿತವನ್ನು ತಂದಿತೆಂದು ವಿಚಾರಿಸದೆ ಅದಕ್ಕೆ ತ್ಯಾಗದ ಹೆಸರನ್ನು ಕೊಡುವುದು ಸರಿಯೇ? ದೀರ್ಘಕಾಲದ ರೋಗವೊಂದನ್ನು ಹೊತ್ತುಕೊಂಡೇ ಮತ್ತೊಂದು ಮಗುವನ್ನು ಬಯಸುವ ಗೃಹಿಣಿಯರ ಬಾಳಿನಲ್ಲಿ ಈ ಪ್ರಶ್ನೆ ಕೇವಲ ಚರ್ಚೆಯ ವಿಷಯವಾಗಿ ಉಳಿಯುವುದಿಲ್ಲ. ದಿನನಿತ್ಯದ ಸಂಕಟವಾಗಿ ಎದುರು ನಿಲ್ಲುತ್ತದೆ.

ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳಬಹುದು. 31 ವರ್ಷದ ಗೃಹಿಣಿ. ನಾಲ್ಕು ವರ್ಷದ ಮಗಳಿದ್ದಾಳೆ. ಮಗಳು ಹುಟ್ಟಿದ ಕೆಲವು ತಿಂಗಳಲ್ಲಿಯೇ ಕೈಬೆರಳುಗಳ ಗಿಣ್ಣುಗಳು ಊದಿಕೊಂಡವು. ಬೆಳಿಗ್ಗೆ ಎದ್ದರೆ ಗಂಟೆಗಟ್ಟಲೆ ಮುಷ್ಟಿ ಮಡಿಸಲಾಗದು. ಮಗುವಿನ ಅಂಗಿಯ ಗುಂಡಿ ಹಾಕಲಾಗದು. ವೈದ್ಯರು ರುಮಟಾಯ್ಡ್ ಸಂಧಿವಾತವೆಂದು ಗುರುತಿಸಿ ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟ್ ಎಂಬ ಮಾತ್ರೆಯನ್ನು ಕೊಟ್ಟರು. ಕ್ರಮೇಣ ಬಾವು ಇಳಿಯಿತು. ಈಗ ಆಕೆ ಮಗಳಿಗೆ ಜಡೆ ಹೆಣೆಯಬಲ್ಲಳು, ಬಸದಿಯಲ್ಲಿ ಅರ್ಘ್ಯದ ತಟ್ಟೆಯನ್ನು ಹಿಡಿದು ನಿಲ್ಲಬಲ್ಲಳು. ಮಗಳಿಗೆ ಒಡಹುಟ್ಟು ಬೇಕೆಂಬುದು ಆಕೆಯ ಆಸೆ. ಮೊಮ್ಮಗ ಬೇಕೆಂಬುದು ಅತ್ತೆಯವರ ಆಸೆ. ಆದರೆ ಆ ಮಾತ್ರೆಯನ್ನು ಸೇವಿಸುತ್ತಿರುವಾಗ ಗರ್ಭ ಧರಿಸಬಾರದೆಂದು ವೈದ್ಯರು ಎಚ್ಚರಿಸಿದ್ದಾರೆ. ಯಾರಿಗೂ ಹೇಳದೆ ಮಾತ್ರೆಗಳನ್ನೆಲ್ಲ ಬಿಟ್ಟು, ಬಂದ ನೋವನ್ನು ಸಹಿಸಿಕೊಂಡು ತಾಯಿಯಾಗುವುದೇ ಧರ್ಮವೆಂದು ಆಕೆಗೆ ತೋರುತ್ತದೆ. ಮನೆಯವರಿಗೆ ತಿಳಿದರೆ ಅವರೂ ಇದನ್ನು ಹೊಗಳಿಯಾರು.

ಇದು ತ್ಯಾಗವೇ ಎಂಬುದನ್ನು ನಿರ್ಣಯಿಸುವ ಮೊದಲು ರೋಗದ ಸ್ವರೂಪವನ್ನು ಅರಿಯಬೇಕು. ಇದು ಮುಪ್ಪಿನಲ್ಲಿ ಮೂಳೆ ಸವೆದು ಬರುವ ಮಂಡಿನೋವಲ್ಲ. ಹೊರಗಿನ ರೋಗಾಣುಗಳೊಡನೆ ಹೋರಾಡಬೇಕಾದ ದೇಹದ ರಕ್ಷಣಾಶಕ್ತಿಯೇ ತಪ್ಪು ತಿಳಿದು ಕೀಲುಗಳ ಒಳಪೊರೆಯ ಮೇಲೆ ಎರಗುವುದರಿಂದ ಬರುವ ರೋಗ. ಗಂಡಸರಿಗಿಂತ ಹೆಂಗಸರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು. ಮಕ್ಕಳನ್ನು ಹೆರುವ ವಯಸ್ಸಿನಲ್ಲಿ ಕಾಣಿಸಿಕೊಳ್ಳುವುದೂ ಅಪರೂಪವಲ್ಲ. ಚಿಕಿತ್ಸೆಯಿಲ್ಲದೆ ಬಿಟ್ಟರೆ ಕೀಲು ಸವೆದು ಬೆರಳುಗಳು ಸೊಟ್ಟಗಾಗುತ್ತವೆ. ಹಾಗೆ ಕೆಟ್ಟ ಕೀಲು ಮುಂದೆ ಯಾವ ಔಷಧದಿಂದಲೂ ಮೊದಲಿನಂತಾಗದು.

'ಬಸಿರಾದರೆ ನೋವು ತಾನಾಗಿಯೇ ಹೋಗುತ್ತದೆ' ಎಂಬ ಮಾತು ಹಿರಿಯರ ಬಾಯಲ್ಲಿ ಕೇಳಿಬರುತ್ತದೆ. ಇದು ಅರ್ಧಸತ್ಯ. ಅಮೆರಿಕದ ವೈದ್ಯ ಫಿಲಿಪ್ ಹೆಂಚ್ ಅವರು 1930ರ ದಶಕದಲ್ಲಿಯೇ ಗರ್ಭಿಣಿಯರಲ್ಲಿ ಈ ರೋಗ ತಗ್ಗುವುದನ್ನು ಗಮನಿಸಿದ್ದರು. ದೇಹದಲ್ಲಿಯೇ ಹುಟ್ಟುವ ಯಾವುದೋ ದ್ರವ್ಯ ಇದಕ್ಕೆ ಕಾರಣವಿರಬೇಕೆಂಬ ಅವರ ಶೋಧನೆ 1948ರಲ್ಲಿ ಕಾರ್ಟಿಸೋನಿನ ಪ್ರಯೋಗಕ್ಕೆ ದಾರಿಮಾಡಿತು. 1950ರಲ್ಲಿ ಅವರಿಗೂ ಅವರ ಸಹಶೋಧಕರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ಮುಂದಿನ ಅಧ್ಯಯನಗಳಿಂದ ತಿಳಿದುಬಂದಂತೆ ಈ ಉಪಶಮನ ಎಲ್ಲರಿಗೂ ಲಭಿಸುವುದಿಲ್ಲ. ಸುಮಾರು ಅರ್ಧದಷ್ಟು ಗರ್ಭಿಣಿಯರಿಗೆ ಮಾತ್ರ ಗಮನಾರ್ಹವಾದ ಸುಧಾರಣೆ ಆಗುತ್ತದೆ. ಹೆರಿಗೆಯ ನಂತರದ ತಿಂಗಳುಗಳಲ್ಲಿ ರೋಗ ಮತ್ತೆ ಉಲ್ಬಣಿಸುವುದು ಸಾಮಾನ್ಯ. ಕೂಸನ್ನು ಎತ್ತಿಕೊಳ್ಳಲು ಕೈ ಬೇಕಾದ ಹೊತ್ತಿಗೇ ಕೈ ಸೋಲುತ್ತದೆ.

ಇನ್ನು ಔಷಧಗಳ ವಿಚಾರ. ಮೆಥೊಟ್ರೆಕ್ಸೇಟ್ ಗರ್ಭಪಾತಕ್ಕೂ ಶಿಶುವಿನ ಅಂಗವೈಕಲ್ಯಕ್ಕೂ ಕಾರಣವಾಗಬಲ್ಲದು. ಆದುದರಿಂದ ಗರ್ಭಧಾರಣೆಗೆ 1ರಿಂದ 3 ತಿಂಗಳ ಮೊದಲೇ ಅದನ್ನು ನಿಲ್ಲಿಸಬೇಕು; ಮೊಲೆಯುಣಿಸುವಾಗಲೂ ಅದು ಸಲ್ಲದು. ಲೆಫ್ಲುನೊಮೈಡ್ ಎಂಬ ಇನ್ನೊಂದು ಔಷಧ ದೇಹದಲ್ಲಿ ಬಹುಕಾಲ ಉಳಿಯುವುದರಿಂದ ಬೇರೊಂದು ಔಷಧದಿಂದ ಅದನ್ನು ಹೊರಹಾಕಿ, ರಕ್ತವನ್ನು ಪರೀಕ್ಷಿಸಿಕೊಂಡೇ ಮುಂದುವರಿಯಬೇಕಾಗುತ್ತದೆ. ಆದರೆ ಎಲ್ಲ ಮಾತ್ರೆಗಳೂ ಹೀಗಲ್ಲ. ಹೈಡ್ರಾಕ್ಸಿಕ್ಲೋರೋಕ್ವಿನ್ ಮತ್ತು ಫೋಲಿಕ್ ಆಮ್ಲದೊಡನೆ ಕೊಡುವ ಸಲ್ಫಾಸಲಜೈನ್ ಗರ್ಭಿಣಿಯರಿಗೂ ಬಾಣಂತಿಯರಿಗೂ ಸಲ್ಲುತ್ತವೆ. ಅಗತ್ಯವಿದ್ದರೆ ಅಲ್ಪಪ್ರಮಾಣದ ಸ್ಟಿರಾಯ್ಡ್ ಕೊಡಬಹುದು. ಚುಚ್ಚುಮದ್ದಿನ ರೂಪದ ಕೆಲವು ಜೈವಿಕ ಔಷಧಗಳನ್ನೂ ಮುಂದುವರಿಸಬಹುದು; ಅವುಗಳಲ್ಲಿ ಸರ್ಟೊಲಿಜುಮಾಬ್ ಗರ್ಭಸ್ಥ ಶಿಶುವನ್ನು ಸೇರುವುದು ಅತ್ಯಲ್ಪ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ನೋವಿನ ಮಾತ್ರೆಗಳೇ ಹೆಚ್ಚು ಎಚ್ಚರಿಕೆಯನ್ನು ಬೇಡುತ್ತವೆ. ಬಾವಿಳಿಸುವ ಆ ಮಾತ್ರೆಗಳಲ್ಲಿ ಹಲವು ಅಂಡೋತ್ಪತ್ತಿಯನ್ನು ತಡೆದು ಗರ್ಭ ನಿಲ್ಲುವುದನ್ನೇ ತಡಮಾಡಬಹುದು; ಗರ್ಭದ ಕೊನೆಯ ತಿಂಗಳುಗಳಲ್ಲಿ ಅವು ಶಿಶುವಿನ ಹೃದಯದ ರಕ್ತನಾಳಕ್ಕೆ ಬಾಧಕ.

ಇವುಗಳ ಬೆಳಕಿನಲ್ಲಿ ಮೊದಲಿನ ಪ್ರಶ್ನೆಗೆ ಮರಳಬೇಕು. ತಾಯಿಯ ಸುಖ ಒಂದು ತಕ್ಕಡಿಯಲ್ಲಿ, ಮಗುವಿನ ಹಿತ ಇನ್ನೊಂದರಲ್ಲಿ ಎಂದು ಮನೆಯವರು ಭಾವಿಸುತ್ತಾರೆ. ವಸ್ತುಸ್ಥಿತಿ ಬಹುಮಟ್ಟಿಗೆ ಹಾಗಿಲ್ಲ. ಗರ್ಭಿಣಿಯಲ್ಲಿ ರೋಗ ಉಲ್ಬಣವಾಗಿದ್ದರೆ ದಿನ ತುಂಬುವ ಮೊದಲೇ ಹೆರಿಗೆಯಾಗುವ, ಶಿಶುವಿನ ತೂಕ ಕಡಿಮೆಯಾಗುವ ಸಂಭವ ಹೆಚ್ಚು. ಗರ್ಭ ನಿಲ್ಲುವುದೂ ತಡವಾಗುತ್ತದೆ. ಹಾಗಾದರೆ ತಾಯಿ ಸಹಿಸಿದ ನೋವು ಯಾರಿಗೆ ಉಪಕಾರವಾಯಿತು? ಹುಟ್ಟಲಿರುವ ಮಗುವಿಗಲ್ಲ, ಜಡೆ ಹೆಣೆಯಿಸಿಕೊಳ್ಳಲು ಬಂದು ನಿಂತ ಮಗಳಿಗಂತೂ ಅಲ್ಲ. ಯಾರಿಗೂ ಹಿತವಾಗದ ನೋವನ್ನು ತ್ಯಾಗವೆನ್ನಲು ಬರುವುದಿಲ್ಲ.

ಷೋಡಶಕಾರಣ ಭಾವನೆಗಳಲ್ಲಿ ತ್ಯಾಗವನ್ನೂ ತಪಸ್ಸನ್ನೂ ಹೇಳುವಾಗ ಆಚಾರ್ಯರು 'ಶಕ್ತಿತಃ' ಎಂಬ ಪದವನ್ನು ಸೇರಿಸಿರುವುದು ಗಮನಾರ್ಹ. ಶಕ್ತಿಯನ್ನು ಅಡಗಿಸದೆ, ಶಕ್ತಿಯನ್ನು ಮೀರದೆ ಎಂಬುದು ಅದರ ಅಭಿಪ್ರಾಯ. ತಪಸ್ಸು ವಿವೇಕದಿಂದ ಆರಿಸಿಕೊಂಡದ್ದು. ಅದರ ಭಾರ ತಪಸ್ವಿಯ ಮೇಲೆಯೇ ಬೀಳುತ್ತದೆ. ಗುಟ್ಟಾಗಿ ಬಿಟ್ಟ ಔಷಧದ ಭಾರವಾದರೋ ಇತರ ಜೀವಗಳ ಮೇಲೂ ಬೀಳುತ್ತದೆ.

ಇದಕ್ಕೆ ವಿರುದ್ಧವಾದ ದೋಷವೂ ಒಂದುಂಟು. ಮಾತ್ರೆಯನ್ನು ಬಿಡದೆ, ಗರ್ಭನಿರೋಧವನ್ನೂ ಅನುಸರಿಸದೆ, 'ಆದದ್ದಾಗಲಿ' ಎಂದು ದಿನ ಕಳೆಯುವುದು. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮುಂದಿಟ್ಟಿದೆ. ಕೊಲ್ಲುವ ಸಂಕಲ್ಪವಿಲ್ಲದಿದ್ದರೂ ಎಚ್ಚರಗೇಡಿತನ ದೋಷವೇ. ವೈದ್ಯರೊಡನೆ ಮೊದಲೇ ಮಾತನಾಡಿ, ಹಾನಿಕರವಾದ ಔಷಧವನ್ನು ಸಲ್ಲುವ ಔಷಧಕ್ಕೆ ಬದಲಾಯಿಸಿ, ಕೆಲವು ತಿಂಗಳು ರೋಗ ಶಾಂತವಾಗಿರುವುದನ್ನು ಕಂಡುಕೊಂಡು, ಆಮೇಲೆ ಮಗುವನ್ನು ಬಯಸುವುದು ಲೌಕಿಕ ಜಾಣತನವಷ್ಟೇ ಅಲ್ಲ. ಗೃಹಸ್ಥರಿಗೆ ಸಾಧ್ಯವಾದ ಅಹಿಂಸಾಚರಣೆಯೂ ಹೌದು. ಅರಿಯದೆ ಗರ್ಭ ನಿಂತಿದ್ದರೆ ಮೆಥೊಟ್ರೆಕ್ಸೇಟನ್ನು ಕೂಡಲೇ ನಿಲ್ಲಿಸಿ ಅಂದೇ ವೈದ್ಯರನ್ನು ಕಾಣಬೇಕು. ಅಂಥವಳನ್ನು ಜರೆಯುವುದರಿಂದ ಆಕೆಗೂ ಹಿತವಿಲ್ಲ, ಶಿಶುವಿಗೂ ಹಿತವಿಲ್ಲ.

ಇಷ್ಟಾದರೂ ಎಲ್ಲ ಸಂಕಟಗಳೂ ಪರಿಹಾರವಾದವೆಂದಲ್ಲ. ಸಲ್ಲುವ ಔಷಧಗಳಾವುವೂ ಕೆಲವರ ರೋಗವನ್ನು ಹಿಡಿದಿಡುವುದಿಲ್ಲ. ಅಂಥವರು ಕಾಯಬೇಕಾಗುತ್ತದೆ, ಕಾಯುತ್ತಾ ವಯಸ್ಸು ಮೀರಲೂಬಹುದು, ಒಂದೇ ಮಗುವಿನಲ್ಲಿ ಸಂತೃಪ್ತಿಯನ್ನು ಕಾಣಬೇಕಾಗಲೂಬಹುದು. ಇಲ್ಲಿ ನಷ್ಟ ನಿಜವಾದದ್ದು. ಸಮಾಧಾನದ ಮಾತಿನಿಂದ ಅದು ಅಳಿಯುವುದಿಲ್ಲ. ಇಂಥ ಸ್ಥಿತಿಯಲ್ಲಿ ನಿರ್ಣಯ ಆ ದಂಪತಿಗಳದು, ಅದರಲ್ಲಿಯೂ ದೇಹವನ್ನು ಸವೆಸಬೇಕಾದ ಆಕೆಯದು. 'ವಂಶಕ್ಕೊಬ್ಬ ಬೇಕು' ಎಂದು ಒತ್ತಾಯಿಸುವುದು ಎಷ್ಟು ಅನುಚಿತವೋ 'ಈ ರೋಗದಲ್ಲಿ ಇನ್ನೊಂದು ಮಗು ಯಾಕೆ' ಎಂದು ಮೂದಲಿಸುವುದೂ ಅಷ್ಟೇ ಅನುಚಿತ. ತಾಯಿಯ ರೋಗ ಮಗುವಿಗೆ ಬರುವ ಸಂಭವ ತುಸು ಹೆಚ್ಚಾದರೂ ಬಹುತೇಕ ಮಕ್ಕಳಿಗೆ ಅದು ಬರುವುದಿಲ್ಲ.

ಪೂರ್ವಕರ್ಮದ ಮಾತನ್ನು ರೋಗಿಯ ಮುಂದೆ ಆಡುವವರೂ ಇದ್ದಾರೆ. ವೇದನೆಯು ಅಸಾತಾವೇದನೀಯದ ಉದಯವೆಂಬುದು ಸಿದ್ಧಾಂತ. ಆದರೆ ಅದು ತನ್ನ ನೋವನ್ನು ಸಮಭಾವದಿಂದ ಕಾಣಲು ಕೊಟ್ಟ ಕನ್ನಡಿಯೇ ಹೊರತು ಪರರ ನೋವಿಗೆ ತೀರ್ಪು ಹೇಳಲು ಕೊಟ್ಟ ಕೋಲಲ್ಲ. ಕರ್ಮಫಲವೆಂದು ಚಿಕಿತ್ಸೆಯನ್ನು ನಿರಾಕರಿಸಬೇಕಾಗಿದ್ದರೆ ಚತುರ್ವಿಧ ದಾನಗಳಲ್ಲಿ ಔಷಧದಾನಕ್ಕೆ ಸ್ಥಾನವೇ ಇರುತ್ತಿರಲಿಲ್ಲ.

ಈ ಔಷಧದಾನವನ್ನು ಕುರಿತು ಬಸದಿಗಳ ಆಡಳಿತ ಮಂಡಳಿಗಳು ಸ್ವಲ್ಪ ವಿಶಾಲವಾಗಿ ಯೋಚಿಸಬಹುದು. ಇಂಥ ರೋಗದಲ್ಲಿ ಮಾತ್ರೆಯಷ್ಟೇ ಚಿಕಿತ್ಸೆಯಲ್ಲ. ಕಾಲಕಾಲಕ್ಕೆ ರಕ್ತಪರೀಕ್ಷೆ, ಹೈಡ್ರಾಕ್ಸಿಕ್ಲೋರೋಕ್ವಿನ್ ಸೇವಿಸುವವರಿಗೆ ಕಣ್ಣಿನ ತಪಾಸಣೆ, ಪಟ್ಟಣದ ಕೀಲುರೋಗ ತಜ್ಞರ ಬಳಿಗೆ ಹೋಗಿಬರುವ ಖರ್ಚು, ಇವೂ ಔಷಧದಾನವೇ. ಪರ್ವದಿನಗಳಲ್ಲಿ ಉಪವಾಸ ಮಾಡಲಾಗದ ಗರ್ಭಿಣಿ ರೋಗಿಯನ್ನು ಕಡೆಗಣ್ಣಿನಿಂದ ನೋಡದಿರುವುದು ಖರ್ಚಿಲ್ಲದ ದಾನ.

ಮನೆಯವರ ದಾನವಂತೂ ಇನ್ನೂ ಹತ್ತಿರದ್ದು. ಹೆರಿಗೆಯ ನಂತರ ರೋಗ ಮರುಕಳಿಸುವುದೆಂದು ಮೊದಲೇ ತಿಳಿದಿರುವಾಗ ಬಾಣಂತನದ ವ್ಯವಸ್ಥೆಯೂ ಮೊದಲೇ ಆಗಬೇಕು. ರಾತ್ರಿ ಅಳುವ ಕೂಸನ್ನು ಎತ್ತಿಕೊಡುವ ಕೈ ಗಂಡನದಾಗಲಿ. ನೀರೆರೆಯುವ ಕೈ ಅತ್ತೆಯದಾಗಲಿ. ಗರ್ಭದ ಕೊನೆಯ ತಿಂಗಳುಗಳಲ್ಲಿ ತಾಯಿ ಜೈವಿಕ ಔಷಧವನ್ನು ಪಡೆದಿದ್ದರೆ, ಹುಟ್ಟಿದೊಡನೆ ಬಿಸಿಜಿ ಲಸಿಕೆ ಹಾಕುವ ಮೊದಲೇ ಮಕ್ಕಳ ವೈದ್ಯರಿಗೆ ಆ ಸಂಗತಿಯನ್ನು ತಿಳಿಸುವ ಹೊಣೆ ತಂದೆಯದಾಗಲಿ. ಜೀವಗಳು ಪರಸ್ಪರ ಉಪಕಾರದಿಂದ ಬಾಳುತ್ತವೆಂಬ ತತ್ತ್ವ ಬಸದಿಯ ಗೋಡೆಯ ಮೇಲಿನ ಬರಹವಾಗಿ ಉಳಿಯದೆ ಬಾಣಂತಿಯ ಕೋಣೆಯವರೆಗೆ ನಡೆದು ಬರುವುದು ಹೀಗೆ.

ಆ ಗೃಹಿಣಿಯ ಆಸೆ ತಪ್ಪಲ್ಲ. ನೋವನ್ನು ಸಹಿಸುವ ಆಕೆಯ ಧೈರ್ಯವೂ ತಪ್ಪಲ್ಲ. ಆ ಧೈರ್ಯವನ್ನು ಆಕೆ ಮಾತ್ರೆ ಬಿಡುವುದರಲ್ಲಿ ವ್ಯಯಿಸಬೇಕಾಗಿಲ್ಲ. ತನ್ನ ಬಯಕೆಯನ್ನು ವೈದ್ಯರ ಮುಂದೆ ಬಾಯಿಬಿಟ್ಟು ಹೇಳುವುದಕ್ಕೆ, ಅವರು ಕಾಯೆಂದಷ್ಟು ಕಾಲ ಕಾಯುವುದಕ್ಕೆ, ಮನೆಯವರಿಂದ ನೆರವನ್ನು ಕೇಳುವುದಕ್ಕೆ ಅದು ಬೇಕಾಗುತ್ತದೆ. ಕೇಳಿದಾಗ ಇಲ್ಲವೆನ್ನದ ಮನೆ ಆಕೆಗಿರಬೇಕು.